ಗಾಳಿ ಕೊಟ್ಟು ನೀರು ಎತ್ತುವುದು ಹೇಗೆ? ಬೋರ್‌ವೆಲ್ ಕಂಪ್ರೆಸರಿನ ಲೆಕ್ಕಾಚಾರ

ಏಪ್ರಿಲ್ ಅರ್ಧ ಕಳೆಯುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಬಾವಿಕಟ್ಟೆಗಳಲ್ಲಿ ಕೇಳಿಬರುವ ಮಾತು ಒಂದೇ: "ಮೋಟ್ರು ತಿರಗ್ತು, ನೀರು ಬತ್ತಿಲ್ಲೆ." ಅಂದರೆ ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ. ಮೋಟಾರು ಕೆಟ್ಟಿರುವುದಿಲ್ಲ, ಫುಟ್‌ವಾಲ್ವ್ ಸೋರುತ್ತಿರುವುದಿಲ್ಲ. ಮಾರ್ಚಿನಲ್ಲಿ ಇಪ್ಪತ್ತು ಅಡಿಯಲ್ಲಿದ್ದ ನೀರು ಈಗ ಇಪ್ಪತ್ತೆಂಟಕ್ಕೆ ಇಳಿದಿರುತ್ತದೆ, ಅಷ್ಟೇ. ಆಮೇಲೆ ಬೋರು ಕೊರೆಸುವ ಮಾತು, ಅದರಲ್ಲಿ ಬಂದ ನೀರಿಗೆ ಸಬ್‌ಮರ್ಸಿಬಲ್ (ನೀರಿನೊಳಗೇ ಮುಳುಗಿ ಓಡುವ ಪಂಪು) ಇಳಿಸುವುದೋ ಕಂಪ್ರೆಸರ್ ಕೂರಿಸುವುದೋ ಎಂಬ ಚರ್ಚೆ. ಕಂಪ್ರೆಸರ್ ಎಂದರೆ ಮೇಲಿನಿಂದ ಗಾಳಿ ಒತ್ತಿ ಕೆಳಗಿನ ನೀರು ತರುವ ಯಂತ್ರ ಎಂಬುದು ಎಲ್ಲರಿಗೂ ಗೊತ್ತು. ಗಾಳಿಗೆ ಆ ಶಕ್ತಿ ಎಲ್ಲಿಂದ ಬರುತ್ತದೆ, ಕೆಲವು ಬೋರಿನಲ್ಲಿ ಚೆನ್ನಾಗಿ ನಡೆಯುವ ಕಂಪ್ರೆಸರ್ ಪಕ್ಕದ ಬೋರಿನಲ್ಲಿ ಯಾಕೆ ಬರೀ ಬುಸುಗುಟ್ಟುತ್ತದೆ ಎಂಬುದು ತಿಳಿದರೆ ಬೇಸಿಗೆಯ ಖರ್ಚಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ.

ಮೇಲಿನ ಪಂಪು ಇಪ್ಪತ್ತೈದು ಅಡಿಗೆ ಯಾಕೆ ಸೋಲುತ್ತದೆ

ಎಳನೀರಿಗೆ ಸ್ಟ್ರಾ ಹಾಕಿ ಹೀರಿದಾಗ ನೀರನ್ನು ನಾವು ಎಳೆದೆವು ಅನ್ನಿಸುತ್ತದೆ. ನಿಜವಾಗಿ ನಾವು ಮಾಡಿದ್ದು ಸ್ಟ್ರಾದೊಳಗಿನ ಗಾಳಿಯನ್ನು ತೆಗೆದದ್ದು ಮಾತ್ರ. ಕಾಯಿಯೊಳಗಿನ ನೀರಿನ ಮೇಲೆ ಹೊರಗಿನ ಗಾಳಿಯ ಭಾರ ಕೂತಿರುತ್ತದೆ. ಅದು ನೀರನ್ನು ಸ್ಟ್ರಾದೊಳಗೆ ತಳ್ಳುತ್ತದೆ. ಬಾವಿಕಟ್ಟೆಯ ಮೇಲಿನ ಮೊನೊಬ್ಲಾಕ್ ಪಂಪು ಮಾಡುವುದೂ ಇದನ್ನೇ. ಅದು ಪೈಪಿನಲ್ಲಿ ಒತ್ತಡ ಕಡಿಮೆ ಮಾಡುತ್ತದೆ, ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯ ಮೇಲಿರುವ ವಾತಾವರಣ.

ಈ ತಳ್ಳುವಿಕೆಗೆ ಮಿತಿ ಉಂಟು. ಇಟಲಿಯ ಟೊರಿಚೆಲ್ಲಿ 1643ರ ಸುಮಾರಿಗೆ ಪಾದರಸದಿಂದ ಅದನ್ನು ಅಳೆದು ತೋರಿಸಿದ. ಸಮುದ್ರ ಮಟ್ಟದಲ್ಲಿ ವಾತಾವರಣ 760 ಮಿಲಿಮೀಟರ್ ಪಾದರಸವನ್ನು ಹೊರಬಲ್ಲದು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾಗಿ ನೀರಿನ ಲೆಕ್ಕದಲ್ಲಿ ಇದು 10.3 ಮೀಟರ್, ಅಂದರೆ 34 ಅಡಿ. ಕಾರವಾರದ ಕಡಲ ತೀರದಲ್ಲಿ ಮಿತಿ ಇಷ್ಟು. ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯಲ್ಲಿ ಮೇಲಿರುವ ಗಾಳಿಯೇ ಕಡಿಮೆ, ಮಿತಿ 9.6 ಮೀಟರಿಗೆ ಇಳಿಯುತ್ತದೆ. ಕಾರವಾರದಲ್ಲಿ ನೀರು ಎತ್ತುತ್ತಿದ್ದ ಅದೇ ಪಂಪು ಘಟ್ಟ ಹತ್ತಿದ ಮೇಲೆ ಎರಡು ಅಡಿಗೂ ಹೆಚ್ಚು ಕಳೆದುಕೊಳ್ಳುವುದು ಇದರಿಂದಲೇ. ಇದರ ಮೇಲೆ ಪೈಪಿನೊಳಗಿನ ಘರ್ಷಣೆ, ಫುಟ್‌ವಾಲ್ವಿನ ತಡೆ, ಒತ್ತಡ ಇಳಿದಾಗ ನೀರೇ ಆವಿಯಾಗಲು ಹೊರಡುವುದು ಎಲ್ಲ ಸೇರಿ ಕೈಗೆ ಸಿಗುವುದು 22ರಿಂದ 25 ಅಡಿ. ಎರಡು ಎಚ್.ಪಿ. ತೆಗೆದು ಐದು ಎಚ್.ಪಿ. ಕೂರಿಸಿದರೂ ಈ ಮಿತಿ ಒಂದು ಅಡಿಯೂ ಹಿಗ್ಗುವುದಿಲ್ಲ, ಏಕೆಂದರೆ ತಳ್ಳುತ್ತಿರುವುದು ಮೋಟಾರಲ್ಲ. ಬಾವಿಯೊಳಗೆ ಹಲಗೆ ಕಟ್ಟಿ ಪಂಪನ್ನೇ ಹತ್ತು ಅಡಿ ಕೆಳಗೆ ಇಳಿಸುವ ಹಳೆಯ ಪದ್ಧತಿ ಇದಕ್ಕೆ ಸರಿಯಾದ ಉತ್ತರ. ಕೆಳಗಿಂದ ಮೇಲಕ್ಕೆ ಒತ್ತುವುದಕ್ಕೆ ಮೋಟಾರಿನ ಬಲ ಕೆಲಸಕ್ಕೆ ಬರುತ್ತದೆ.

ಗಣಿಯವರು ಹುಡುಕಿದ ದಾರಿಗಳು

ಈ 34 ಅಡಿಯ ಗೋಡೆಗೆ ಮೊದಲು ತಲೆ ಚಚ್ಚಿಕೊಂಡವರು ಯುರೋಪಿನ ಗಣಿ ಕೆಲಸದವರು. ಗಣಿ ಆಳಕ್ಕೆ ಹೋದಂತೆ ನೀರು ಒಸರುತ್ತದೆ, ಎತ್ತದಿದ್ದರೆ ಕೆಲಸ ನಿಲ್ಲುತ್ತದೆ. ಹದಿನಾರನೇ ಶತಮಾನದ ಜರ್ಮನ್ ಗಣಿಗಳಲ್ಲಿ ಒಂದರ ಮೇಲೊಂದು ಪಂಪು ಜೋಡಿಸುತ್ತಿದ್ದರು: ಕೆಳಗಿನದು ಒಂದು ತೊಟ್ಟಿಗೆ ಎತ್ತಿದರೆ, ಅಲ್ಲಿಂದ ಮೇಲಿನದು ಇನ್ನೊಂದು ತೊಟ್ಟಿಗೆ. ಇಂಗ್ಲೆಂಡಿನಲ್ಲಿ 1712ರಲ್ಲಿ ಥಾಮಸ್ ನ್ಯೂಕೊಮೆನ್ ಡಡ್ಲಿ ಬಳಿಯ ಕಲ್ಲಿದ್ದಲ ಗಣಿಗೆ ಕಟ್ಟಿದ ಯಂತ್ರ ವಾತಾವರಣದ ಒತ್ತಡವನ್ನೇ ದುಡಿಸಿಕೊಂಡಿತು. ನಮ್ಮ ಏತದ ಮರದ ಹಾಗೆ ನಡುವೆ ತೂಗುವ ದೊಡ್ಡ ತೊಲೆ. ಒಂದು ತುದಿಯಲ್ಲಿ ಸಿಲಿಂಡರಿನೊಳಗಿನ ಪಿಸ್ಟನ್, ಇನ್ನೊಂದು ತುದಿಯಲ್ಲಿ ಗಣಿಗೆ ಇಳಿಬಿಟ್ಟ ಪಂಪಿನ ಸರಳು. ಸಿಲಿಂಡರಿಗೆ ಹಬೆ ತುಂಬಿ ತಣ್ಣೀರು ಚಿಮ್ಮಿಸಿದರೆ ಹಬೆ ನೀರಾಗಿ ಒಳಗೆ ಜಾಗ ಖಾಲಿಯಾಗುತ್ತದೆ. ಹೊರಗಿನ ಗಾಳಿ ಪಿಸ್ಟನನ್ನು ಕೆಳಕ್ಕೆ ಒತ್ತುತ್ತದೆ, ಆ ಕಡೆಯ ಸರಳು ಮೇಲೇರುತ್ತದೆ.

ಹದಿನೆಂಟನೇ ಶತಮಾನದ ನಡುವೆ, ಈಗಿನ ಸ್ಲೊವಾಕಿಯಾದಲ್ಲಿರುವ ಶೆಮ್ನಿಟ್ಸ್ ಗಣಿಯಲ್ಲಿ ಹೆಲ್ ಎಂಬ ಯಂತ್ರಜ್ಞ ಗಾಳಿಯನ್ನು ನೇರವಾಗಿ ನೀರಿನ ಮೇಲೆ ಒತ್ತಿಸಿದ. ಎತ್ತರದಿಂದ ಬೀಳುವ ನೀರು ಮೇಲಿನ ಪಾತ್ರೆಯಲ್ಲಿ ಗಾಳಿಯನ್ನು ಅದುಮುತ್ತಿತ್ತು. ಆ ಗಾಳಿ ಕೊಳವೆಯಲ್ಲಿ ಇಳಿದು ಗಣಿಯ ತಳದ ಮುಚ್ಚಿದ ಪಾತ್ರೆಯ ನೀರನ್ನು ಮೇಲಕ್ಕೆ ದೂಡುತ್ತಿತ್ತು. ಲೆಕ್ಕ ಸರಳ. ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ, ಮೆಕ್ಯಾನಿಕ್ ಭಾಷೆಯಲ್ಲಿ ಬರೀ 'ಒಂದು ಕೆ.ಜಿ.', 33 ಅಡಿ ನೀರನ್ನು ಹೊರುತ್ತದೆ, ಏಳು ಕೆ.ಜಿ. ಇದ್ದರೆ 230 ಅಡಿ. ತೊಡಕು ಏನೆಂದರೆ ಪಾತ್ರೆ ಪ್ರತಿಸಲ ಖಾಲಿಯಾದಾಗ ಒಳಗಿನ ಅದುಮಿದ ಗಾಳಿಯನ್ನು ಹೊರಗೆ ಬಿಡಬೇಕು. ಶೆಮ್ನಿಟ್ಸ್‌ನಲ್ಲಿ ಆ ಗಾಳಿ ಹೊರನುಗ್ಗಿ ಹಿಗ್ಗುವಾಗ ಎಷ್ಟು ತಣ್ಣಗಾಗುತ್ತಿತ್ತೆಂದರೆ ಅದರೊಳಗಿನ ತೇವ ಹಿಮದ ಹರಳಾಗಿ ಉದುರುತ್ತಿತ್ತು. ಅಷ್ಟೂ ವ್ಯರ್ಥವಾದ ಶಕ್ತಿ.

ನಮ್ಮ ಬೋರಿನ ಕಂಪ್ರೆಸರಿಗೆ ಮೂಲವಾದ ಉಪಾಯ ಬಂದದ್ದು 1797ರಲ್ಲಿ, ಜರ್ಮನಿಯ ಫ್ರೈಬರ್ಗ್ ಗಣಿ ಪ್ರದೇಶದಿಂದ. ಕಾರ್ಲ್ ಇಮ್ಯಾನುಯೆಲ್ ಲೋಷರ್ ಮುಚ್ಚಿದ ಪಾತ್ರೆಯನ್ನೇ ಬಿಟ್ಟು, ನೀರಿನಲ್ಲಿ ಮುಳುಗಿದ ತೆರೆದ ಕೊಳವೆಯ ಬುಡಕ್ಕೆ ಗಾಳಿ ಬಿಟ್ಟ.

ಗಾಳಿ ನೀರನ್ನು ತಳ್ಳುವುದಿಲ್ಲ, ಹಗುರ ಮಾಡುತ್ತದೆ

ಗಾರೆ ಕೆಲಸದವರು ಮಟ್ಟ ನೋಡುವ ಟ್ಯೂಬು ನೆನಪಿಸಿಕೊಳ್ಳಿ. ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಈ ಕಡೆಯ ನೀರಿನ ಭಾರ ಆ ಕಡೆಯ ನೀರಿನ ಭಾರವನ್ನು ಸರಿದೂಗಿಸುವುದರಿಂದ. ಈಗ ಒಂದು ಕಡೆಯ ನೀರಿಗೆ ಬುಡದಿಂದ ಗುಳ್ಳೆ ಬಿಟ್ಟು ನೊರೆ ಮಾಡಿದಿರಿ ಅನ್ನಿ. ಅರ್ಧ ನೀರು, ಅರ್ಧ ಗಾಳಿ. ಆ ಕಡೆಯ ಕಂಬ ಅರ್ಧದಷ್ಟು ಹಗುರ. ಸರಿದೂಗಬೇಕಾದರೆ ಅದು ಇಮ್ಮಡಿ ಎತ್ತರಕ್ಕೆ ಏರಲೇಬೇಕು. ಆ ಎತ್ತರಕ್ಕಿಂತ ಕೆಳಗೆ ಟ್ಯೂಬಿನ ಬಾಯಿ ಇದ್ದರೆ ನೊರೆನೀರು ಹೊರಚೆಲ್ಲುತ್ತದೆ, ಗಾಳಿ ಕೊಡುತ್ತಿರುವಷ್ಟು ಹೊತ್ತು ಚೆಲ್ಲುತ್ತಲೇ ಇರುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿ ಅಂಚು ದಾಟುವಾಗ ಪಾತ್ರೆಯಲ್ಲಿ ಹಾಲು ಹೆಚ್ಚಾಗಿರುವುದಿಲ್ಲ, ನೊರೆಯಾಗಿ ಹಿಗ್ಗಿರುತ್ತದೆ. ಬೋರಿನೊಳಗೆ ನಡೆಯುವುದೂ ಒಂದು ಬಗೆಯ ಉಕ್ಕುವಿಕೆಯೇ.

ಬೋರಿನಲ್ಲಿ ಟ್ಯೂಬಿನ ಒಂದು ಕೈ ಎಂದರೆ ನೀರು ಮೇಲೆ ಬರುವ ಡೆಲಿವರಿ ಪೈಪು; ಕಂಪ್ರೆಸರಿನ ಗಾಳಿಯನ್ನು ಅದರ ಬುಡಕ್ಕೆ ಒಯ್ಯುವುದು ಜೊತೆಗೆ ಇಳಿಸಿದ ಸಣ್ಣ ಗಾಳಿ ಪೈಪು. ಇನ್ನೊಂದು ಕೈ ಎಂದರೆ ಅದರ ಸುತ್ತ ಬೋರಿನಲ್ಲಿ ನಿಂತಿರುವ ಶುದ್ಧ, ಭಾರವಾದ ನೀರು. ಎತ್ತುವ ಕೆಲಸ ಮಾಡುವುದು ಹೊರಗಿನ ಈ ಭಾರ. ಆದ್ದರಿಂದ ಕಂಪ್ರೆಸರ್ ನೀರು ಎತ್ತಬೇಕಾದರೆ ಪೈಪಿನ ದೊಡ್ಡ ಭಾಗ ನೀರಿನಲ್ಲಿ ಮುಳುಗಿರಲೇಬೇಕು. ಇಡೀ ವಿಷಯದ ಗಂಟು ಇಲ್ಲೇ ಇದೆ. ಮೋಟಾರಿನ ಎಚ್.ಪಿ. ಎರಡನೆಯ ಪ್ರಶ್ನೆ.

ಗಣಿಗಳಲ್ಲಿ ಈ ವಿಧಾನ ಎಲ್ಲ ಕಡೆ ಹೊಂದಲಿಲ್ಲ ಎಂಬುದಕ್ಕೂ ಕಾರಣ ಇದೇ. ಗಣಿಯ ತಳದ ಗುಂಡಿಯಲ್ಲಿ ನೀರು ನಿಲ್ಲುವುದು ಕೆಲವೇ ಅಡಿ, ಎತ್ತಬೇಕಾದ್ದು ನೂರಾರು ಅಡಿ. ಮುಳುಗಲು ಜಾಗವಿಲ್ಲ. ಅಂಥ ಕಡೆ ಅದುಮಿದ ಗಾಳಿಯಿಂದ ರಬ್ಬರ್ ಪೊರೆ ಹಿಂದೆ ಮುಂದೆ ಆಡಿಸುವ ಡಯಾಫ್ರಾಮ್ ಪಂಪುಗಳನ್ನು ಇಂದಿಗೂ ಬಳಸುತ್ತಾರೆ. ಬಂಡೆ ಕೊರೆಯಲು ಗಾಳಿಯ ಲೈನು ಹೇಗೂ ಇರುತ್ತದೆ, ಕರೆಂಟಿನ ಕಿಡಿಯ ಭಯ ಇರುವುದಿಲ್ಲ. ಬೋರ್‌ವೆಲ್ ಮಾತ್ರ ಇದಕ್ಕೆಂದೇ ಮಾಡಿದಂತಿದೆ: ಕಿರಿದು, ಆಳ, ಒಳಗೆ ನೂರಾರು ಅಡಿ ನಿಂತ ನೀರು.

ಎರಡು ಅಳತೆ, ಒಂದು ಪ್ರಮಾಣ

ಪೈಪಿನ ಬುಡದಲ್ಲಿ ಗಾಳಿ ಹೊರಬೀಳುವ ಜಾಗವನ್ನು ಗಾಳಿಬಾಯಿ ಅನ್ನೋಣ. ನೀರು ಎತ್ತುತ್ತಿರುವಾಗ ಬೋರಿನ ನೀರಿನ ಮಟ್ಟದಿಂದ ಗಾಳಿಬಾಯಿಯವರೆಗಿನ ಅಂತರ 'ಮುಳುಗು ಆಳ'. ಅದೇ ಮಟ್ಟದಿಂದ ಮೇಲೆ ಟ್ಯಾಂಕಿಗೆ ನೀರು ಬೀಳುವ ಜಾಗದವರೆಗಿನ ಅಂತರ 'ಏರು ಎತ್ತರ'. ಎರಡನ್ನೂ ಕೂಡಿಸಿದರೆ ಪೈಪಿನ ಪೂರ್ತಿ ಉದ್ದ. ಆ ಉದ್ದದಲ್ಲಿ ಮುಳುಗು ಆಳ ಶೇಕಡಾ ಎಷ್ಟು ಎಂಬುದನ್ನು ನೋಡಬೇಕು. ಐವತ್ತು ಅಡಿಯೊಳಗೆ ಎತ್ತುವುದಾದರೆ ಶೇ. 65–70, ನೂರು ಅಡಿಗೆ ಶೇ. 60, ಇನ್ನೂರು ಅಡಿಗೆ ಶೇ. 50ರ ಆಸುಪಾಸು ಇದ್ದರೆ ಒಳ್ಳೆಯ ಕೆಲಸ. ಶೇ. 40ಕ್ಕಿಂತ ಕೆಳಗೆ ಹೋದಂತೆ ಗಾಳಿ ಹೆಚ್ಚು ಹೆಚ್ಚು ಬೇಕಾಗುತ್ತದೆ, ನೀರು ಬಿಟ್ಟು ಬಿಟ್ಟು ಬರುತ್ತದೆ. ಶೇ. 30ರ ಹತ್ತಿರ ಬಂದರೆ ಗಾಳಿ ನೀರಿನ ನಡುವಿನಿಂದ ನುಸುಳಿಕೊಂಡು ಬರೀ ಬುಸುಗುಟ್ಟುತ್ತದೆ.

ನೀರಿನ ಮಟ್ಟ ಎಂದಾಗ ಜಾಗ್ರತೆ ಬೇಕು. ಬೆಳಿಗ್ಗೆ ಎದ್ದು ಕಲ್ಲು ಹಾಕಿ ನೋಡಿದಾಗ ಸಿಗುವುದು ನಿಂತ ಮಟ್ಟ. ಎತ್ತಲು ಶುರುಮಾಡಿ ಅರ್ಧ ಗಂಟೆಯಾದ ಮೇಲೆ ಇರುವುದು ಓಟದ ಮಟ್ಟ, ಅದು ಎಷ್ಟೋ ಕೆಳಗಿರುತ್ತದೆ. ನಿಂತ ಮಟ್ಟ ನಂಬಿ ಪೈಪು ಇಳಿಸಿದವರೇ ಹೆಚ್ಚಾಗಿ ಮೋಸಹೋಗುವುದು.

ಒಂದು ಬೋರಿನ ಲೆಕ್ಕ

ಶಿರಸಿ ಸೀಮೆಯ ತೋಟದ ಒಂದು ಬೋರು ಅಂದುಕೊಳ್ಳಿ. ಆರೂವರೆ ಇಂಚು ಅಗಲ, 400 ಅಡಿ ಆಳ. ಮೇಲೆ ಚೀರೆಕಲ್ಲು, ಅದರಡಿಗೆ ಕುಸಿಯುವ ಶೇಡಿ ಮಣ್ಣು, ಅಷ್ಟಕ್ಕೂ ಕೇಸಿಂಗ್ (ಗೋಡೆ ಕುಸಿಯದಂತೆ ಇಳಿಸುವ ಕೊಳವೆ). ಕೆಳಗೆ ಗಟ್ಟಿ ಬಂಡೆ, ಅದರ ಬಿರುಕಿನಲ್ಲಿ ನೀರು. ಫೆಬ್ರವರಿಯಲ್ಲಿ ನಿಂತ ಮಟ್ಟ 60 ಅಡಿ, ಓಟದ ಮಟ್ಟ 150 ಅಡಿ. ತಳದಲ್ಲಿ ಕೂರುವ ಕೆಸರು ತಾಗದಂತೆ ಗಾಳಿಬಾಯಿ 360 ಅಡಿಯಲ್ಲಿ. ಟ್ಯಾಂಕು ನೆಲದಿಂದ 10 ಅಡಿ ಮೇಲೆ.

ಮುಳುಗು ಆಳ 360ರಲ್ಲಿ 150 ಕಳೆದರೆ 210 ಅಡಿ. ಏರು ಎತ್ತರ 160. ಪ್ರಮಾಣ 370ರಲ್ಲಿ 210, ಶೇ. 57. ಚೆನ್ನಾಗಿದೆ. ಈ ಸ್ಥಿತಿಯಲ್ಲಿ ಒಂದು ಲೀಟರ್ ನೀರಿಗೆ ಸುಮಾರು ಆರು ಲೀಟರ್ ಗಾಳಿ ಬೇಕು. ಇಲ್ಲಿ ಗಾಳಿ ಎಂದರೆ ಕಂಪ್ರೆಸರ್ ಒಳಗೆ ಎಳೆದುಕೊಳ್ಳುವ, ಅದುಮದ ಗಾಳಿಯ ಲೆಕ್ಕ. ಕಂಪ್ರೆಸರಿನ ಪಟ್ಟಿಯಲ್ಲಿ ಇದನ್ನು ನಿಮಿಷಕ್ಕೆ ಇಷ್ಟು ಘನ ಅಡಿ ಎಂದು ಬರೆದಿರುತ್ತಾರೆ; ಒಂದು ಘನ ಅಡಿ ಎಂದರೆ 28 ಲೀಟರ್ ಚಿಲ್ಲರೆ. ನಿಮಿಷಕ್ಕೆ 60 ಲೀಟರ್ ನೀರು ಬೇಕಾದರೆ 360 ಲೀಟರ್ ಗಾಳಿ, ಸುಮಾರು 13 ಘನ ಅಡಿ. ಐದು ಎಚ್.ಪಿ. ಕಂಪ್ರೆಸರಿಗೆ ಇದು ಸರಾಗ. ಗಂಟೆಗೆ 3,600 ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಹಿಡಿದರೆ, ಆರು ಗಂಟೆ ಓಡಿಸಿದಾಗ ಸಾವಿರ ಚಿಲ್ಲರೆ ಮರ, ಎರಡು ಎಕರೆಯಷ್ಟು ತೋಟ ನೆನೆಯುತ್ತದೆ.

ಈಗ ಮೇ ತಿಂಗಳು. ಓಟದ ಮಟ್ಟ 220 ಅಡಿಗೆ ಇಳಿದಿದೆ. ಇಳಿದದ್ದು 70 ಅಡಿ ಒಂದೇ, ಪೆಟ್ಟು ಎರಡು ಕಡೆಯಿಂದ. ಏರು ಎತ್ತರ 230 ಆಯಿತು, ಮುಳುಗು ಆಳ 140ಕ್ಕೆ ಕುಗ್ಗಿತು. ಪ್ರಮಾಣ ಶೇ. 38. ಲೀಟರ್ ನೀರಿಗೆ ಹನ್ನೆರಡು ಲೀಟರಿಗಿಂತ ಹೆಚ್ಚು ಗಾಳಿ. ಅದೇ ಕಂಪ್ರೆಸರ್, ಅದೇ ಮೋಟಾರು, ಆದರೆ ನೀರು ನಿಮಿಷಕ್ಕೆ 60 ಲೀಟರಿನಿಂದ 30ಕ್ಕೂ ಕೆಳಗೆ. ಎರಡು ಎಕರೆಯ ನೀರು ಒಂದು ಎಕರೆಗೆ ಬಂತು. ಬೋರಿನಲ್ಲಿ ನೀರು ಅರ್ಧ ಆಯಿತೆಂದು ಇದರ ಅರ್ಥ ಅಲ್ಲ. ನೀರನ್ನು ಮೇಲಕ್ಕೆ ದೂಡುವ ಹೊರಗಿನ ನೀರಿನ ಭಾರ ಕಡಿಮೆಯಾಗಿದೆ.

ಗೇಜಿನ ಮುಳ್ಳು ಹೇಳುವುದೇನು

ಕಂಪ್ರೆಸರಿನ ಮೇಲಿರುವ ಒತ್ತಡದ ಗೇಜನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಅದು ಬೋರಿನೊಳಗಿನ ಕಣ್ಣು.

ಮೇಲಿನ ಬೋರಿನಲ್ಲಿ ಫೆಬ್ರವರಿಯಲ್ಲಿ ಸ್ವಿಚ್ ಹಾಕಿದಾಗ ಮುಳ್ಳು ಒಂದೇ ಸಮ ಏರುತ್ತ ಹೋಗುತ್ತದೆ. ಆರು, ಏಳು, ಎಂಟು. ಡೆಲಿವರಿ ಪೈಪಿನ ಬಾಯಿಗೆ ಕೈ ಇಟ್ಟರೆ ಏನೂ ಇಲ್ಲ. ಗಾಳಿ ಇನ್ನೂ ಗಾಳಿ ಪೈಪಿನೊಳಗೆ ತುಂಬಿ ನಿಂತ ನೀರನ್ನು ಕೆಳಕ್ಕೆ ದೂಡುತ್ತಿದೆ. ಒಂಬತ್ತು ದಾಟಿದೊಡನೆ ಮುಳ್ಳು ತಡೆಯುತ್ತದೆ. ಗಾಳಿ ಬಾಯಿಂದ ಹೊರಬಿತ್ತು. ಪೈಪಿನ ಬಾಯಲ್ಲಿ ಮೊದಲು ತಂಪು ಗಾಳಿಯ ಉಸಿರು, ಒಳಗೆಲ್ಲೋ ಗುಡುಗುಡು, ಆಮೇಲೆ ಒಂದು ದೊಡ್ಡ ಬುಗ್ಗೆ ರಭಸದಿಂದ ಬಂದು ಟ್ಯಾಂಕಿಗೆ ಅಪ್ಪಳಿಸುತ್ತದೆ. ಮುಳ್ಳು ನಿಧಾನ ಇಳಿಯುತ್ತ ಆರೂವರೆಯ ಹತ್ತಿರ ನಿಲ್ಲುತ್ತದೆ, ನೀರು ಬಿಳಿನೊರೆಯಾಗಿ ಎಡೆಬಿಡದೆ ಬೀಳತೊಡಗುತ್ತದೆ.

ಆ ಎರಡು ಅಂಕಿಯೂ ಲೆಕ್ಕಕ್ಕೆ ಸಿಗುವಂಥವು. ಶುರುವಿನಲ್ಲಿ ಗಾಳಿ ಹೊರಬೀಳಬೇಕಾದರೆ ನಿಂತ ಮಟ್ಟದಿಂದ ಗಾಳಿಬಾಯಿಯವರೆಗಿನ ಇಡೀ ನೀರಿನ ಭಾರ ಗೆಲ್ಲಬೇಕು: 360ರಲ್ಲಿ 60 ಕಳೆದು 300 ಅಡಿ, 33ರಿಂದ ಭಾಗಿಸಿದರೆ 9.1 ಕೆ.ಜಿ. ಓಡುವಾಗ ಮುಳುಗು ಆಳ 210 ಅಡಿ, ಅಂದರೆ 6.4 ಕೆ.ಜಿ. ಗಾಳಿ ಪೈಪಿನ ಘರ್ಷಣೆಗೆ ಗೇಜು ತುಸು ಹೆಚ್ಚೇ ತೋರಿಸೀತು. ಇದನ್ನೇ ತಿರುಗಿಸಿ ಹಿಡಿದರೆ ಬೋರಿಗೆ ಹಗ್ಗ ಇಳಿಸದೆ ನೀರಿನ ಮಟ್ಟ ಸಿಗುತ್ತದೆ: ಓಡುವಾಗಿನ ಒತ್ತಡವನ್ನು 33ರಿಂದ ಗುಣಿಸಿ, ಗಾಳಿಬಾಯಿಯ ಆಳದಿಂದ ಕಳೆಯಿರಿ. ಪೈಪು ಎಷ್ಟು ಅಡಿ ಇಳಿಸಿದ್ದೇವೆ ಎಂಬುದನ್ನು ಇಳಿಸಿದ ದಿನವೇ ಶೆಡ್ಡಿನ ಗೋಡೆಗೆ ಬರೆದಿಟ್ಟುಕೊಂಡರೆ ಸಾಕು.

ಮೇ ತಿಂಗಳಲ್ಲಿ ಅದೇ ಗೇಜು ಓಡುವಾಗ 4.2 ತೋರಿಸುತ್ತದೆ. ನೀರು ಕಡಿಮೆ, ಒತ್ತಡವೂ ಕಡಿಮೆ. ಕಂಪ್ರೆಸರ್ ಸವೆದಿದೆ, ರಿಂಗು ಹೋಗಿದೆ ಎಂದು ಬಿಚ್ಚಿಸಲು ಹೊರಡುತ್ತಾರೆ. ಕಂಪ್ರೆಸರ್ ಸರಿಯಾಗಿಯೇ ಇದೆ. ಮುಳುಗು ಆಳ ಕಡಿಮೆಯಾದರೆ ಒತ್ತಡ ಇಳಿಯಲೇಬೇಕು. ಪೈಪನ್ನು ಇನ್ನೂ ಕೆಳಗೆ ಇಳಿಸಲು ಜಾಗ ಇದ್ದರೆ ಇಳಿಸಬೇಕು. ಇಲ್ಲದಿದ್ದರೆ ಟ್ಯಾಂಕನ್ನು ನೆಲಕ್ಕೆ ತಂದು ಏರು ಎತ್ತರದಲ್ಲಿ ಹತ್ತು ಅಡಿ ಉಳಿಸಬೇಕು.

ಏಳು ಕೆ.ಜಿ.ಗೆ ನಿಲ್ಲುವ ಒಂದೇ ಹಂತದ ಕಂಪ್ರೆಸರ್ ಈ ಬೋರಿನಲ್ಲಿ ಓಡಬಲ್ಲದು, ಶುರುವಾಗಲಾರದು. ಒಂಬತ್ತರ ಗೋಡೆ ದಾಟದೆ ಸೇಫ್ಟಿ ವಾಲ್ವ್ ಸಿಡಿಯುತ್ತ ಕೂರುತ್ತದೆ. ಆಳದ ಬೋರಿಗೆ ಗಾಳಿಯನ್ನು ಎರಡು ಸಲ ಅದುಮುವ, ಎರಡು ಹಂತದ ಕಂಪ್ರೆಸರ್ ಬೇಕೆನ್ನುವುದು ಇದಕ್ಕೆ. ಸೇಫ್ಟಿ ವಾಲ್ವನ್ನು ಬಿಗಿದು ಒತ್ತಡ ಏರಿಸುವ ಸಾಹಸ ಮಾತ್ರ ಬೇಡ. ಗಾಳಿ ತುಂಬಿದ ಟ್ಯಾಂಕು ಒಡೆದರೆ ಹತ್ತಿರ ನಿಂತವರ ಪ್ರಾಣಕ್ಕೇ ಬರುತ್ತದೆ.

ಪೈಪು ಇಳಿಸುವಾಗ

ಈ ಬೋರಿಗೆ ಡೆಲಿವರಿ ಪೈಪು ಒಂದೂವರೆ ಇಂಚು, ಗಾಳಿ ಪೈಪು ಮುಕ್ಕಾಲು ಇಂಚು. ಡೆಲಿವರಿ ದಪ್ಪ ಇದ್ದರೆ ಹೆಚ್ಚು ನೀರು ಬರುತ್ತದೆ ಎಂಬುದು ಇಲ್ಲಿ ತಲೆಕೆಳಗು. ಅಗಲ ಹೆಚ್ಚಾದರೆ ಗುಳ್ಳೆಗಳು ನೀರನ್ನು ಹೊತ್ತೊಯ್ಯದೆ ನಡುವೆ ಜಾರಿಕೊಂಡು ಹೋಗುತ್ತವೆ. ತೀರಾ ಸಣ್ಣದಾದರೆ ಘರ್ಷಣೆ ತಿನ್ನುತ್ತದೆ, ಯಾಕೆಂದರೆ ಮೇಲೇರಿದಂತೆ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತದೆ. ಬುಡದಲ್ಲಿ ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿದ್ದ ನೊರೆ ಬಾಯಿಯ ಹತ್ತಿರ ಐದಾರು ಮೀಟರ್ ವೇಗ ಪಡೆದಿರುತ್ತದೆ.

ಬುಡದ ಜೋಡಣೆಯಲ್ಲಿ ಗಾಳಿ ಪೈಪಿನ ತುದಿಯನ್ನು ಮುಚ್ಚಿ, ಅದರ ಗೋಡೆಗೆ ಸಣ್ಣ ತೂತು ಕೊರೆದು ಡೆಲಿವರಿ ಪೈಪಿನೊಳಗೆ ಸೇರಿಸುತ್ತಾರೆ. ನಾಲ್ಕು ಮಿಲಿಮೀಟರಿನ ಇಪ್ಪತ್ತೈದು ತೂತು ಇಪ್ಪತ್ತು ಮಿಲಿಮೀಟರ್ ಒಳಅಗಲದ ಗಾಳಿ ಪೈಪಿಗೆ ಸಮ. ಸಣ್ಣ ಗುಳ್ಳೆ ನೀರನ್ನು ಚೆನ್ನಾಗಿ ಹೊರುತ್ತದೆ, ಶುರುವಿನಲ್ಲಂತೂ ಇದು ಮುಖ್ಯ. ಡೆಲಿವರಿ ಪೈಪಿನ ಬಾಯಿ ಗಾಳಿಬಾಯಿಗಿಂತ ಮೂರು ನಾಲ್ಕು ಅಡಿ ಕೆಳಗೆ ಇಳಿದಿರಬೇಕು. ಇಲ್ಲದಿದ್ದರೆ ಗಾಳಿಯ ಒಂದು ಪಾಲು ಹೊರಗಿನಿಂದಲೇ ಬೋರಿನಲ್ಲಿ ಮೇಲೆ ಬಂದು, ಭಾರವಾಗಿರಬೇಕಾದ ಹೊರಗಿನ ನೀರನ್ನೇ ಹಗುರ ಮಾಡುತ್ತದೆ. ತಕ್ಕಡಿಯ ಎರಡೂ ತಟ್ಟೆಯಿಂದ ಕಲ್ಲು ತೆಗೆದ ಹಾಗೆ.

ಗಾಳಿ ಪೈಪಿಗೆ ಪಿವಿಸಿ ಬಳಸಬಾರದು. ನೀರಿನ ಒತ್ತಡಕ್ಕೆ ಅದು ಬಿರಿದರೆ ಸೋರುತ್ತದೆ, ಗಾಳಿಯ ಒತ್ತಡಕ್ಕೆ ಬಿರಿದರೆ ಚೂರಾಗಿ ಸಿಡಿಯುತ್ತದೆ. ಹತ್ತು ಕೆ.ಜಿ. ತಾಳುವ ಕರಿ ಎಚ್‌ಡಿಪಿಇ ಪೈಪು ಸರಿ. ಆದರೆ ಕಂಪ್ರೆಸರಿನಿಂದ ಹೊರಬರುವ ಗಾಳಿ ಕೈ ಸುಡುವಷ್ಟು ಬಿಸಿ ಇರುವುದರಿಂದ ಮೊದಲ ಇಪ್ಪತ್ತು ಮೂವತ್ತು ಅಡಿ ಜಿಐ ಪೈಪು ಹಾಕಿ, ಗಾಳಿ ತಣಿದ ಮೇಲೆ ಎಚ್‌ಡಿಪಿಇ ಜೋಡಿಸಬೇಕು. ಎರಡೂ ಪೈಪನ್ನು ಹತ್ತು ಅಡಿಗೊಮ್ಮೆ ಕಟ್ಟಿ, ಭಾರ ಪೈಪಿನ ಜಾಯಿಂಟಿನ ಮೇಲೆ ಬೀಳದಂತೆ ನೈಲಾನ್ ಹಗ್ಗದ ಮೇಲೆ ಇಳಿಬಿಡುವುದು ಪದ್ಧತಿ.

ಮೇಲೆ ಬಂದ ನೀರನ್ನು ದೂರದ ತೋಟಕ್ಕೆ ಅದೇ ಪೈಪಿನಲ್ಲಿ ಒಯ್ಯಲು ಆಗದು. ಪೈಪು ಅಡ್ಡ ಮಲಗಿದೊಡನೆ ಗಾಳಿ ಮೇಲೆ, ನೀರು ಕೆಳಗೆ ಬೇರ್ಪಟ್ಟು ನೂಕುವ ಬಲವೇ ಹೋಗುತ್ತದೆ. ಬೋರಿನ ಪಕ್ಕದಲ್ಲೇ ತೆರೆದ ತೊಟ್ಟಿಗೆ ಬಿಟ್ಟು, ಅಲ್ಲಿಂದ ಇಳಿಜಾರಿಗೆ ಹರಿಸಬೇಕು ಅಥವಾ ಸಣ್ಣ ಮೋಟಾರು ಇಡಬೇಕು.

ಕೈಕೊಡುವುದು ಎಲ್ಲಿ

ಒತ್ತಡ ಏರುವುದೇ ಇಲ್ಲ ಎಂದಾದರೆ ಮೊದಲು ಬೆಲ್ಟು ಜಾರುತ್ತಿದೆಯೇ, ಗಾಳಿಯ ಫಿಲ್ಟರ್ ಧೂಳು ತುಂಬಿದೆಯೇ ನೋಡಬೇಕು. ಆಮೇಲೆ ವಾಲ್ವ್ ಪ್ಲೇಟು. ಒತ್ತಡ ನಾಲ್ಕರಲ್ಲೇ ನಿಂತು ಬೋರಿನ ಬಾಯಿಂದ ಗುಳುಗುಳು ಸದ್ದು, ಡೆಲಿವರಿಯಲ್ಲಿ ನೀರಿಲ್ಲ: ಗಾಳಿ ಪೈಪಿನ ಜಾಯಿಂಟು ನಡುವೆ ಬಿಚ್ಚಿದೆ. ನಿಂತ ಮಟ್ಟಕ್ಕೆ ನಾಲ್ಕು ಗುಣಿಸು 33, ಅಂದರೆ 132 ಅಡಿ ಸೇರಿಸಿದರೆ ಬಿಚ್ಚಿದ ಜಾಗವೂ ಹೆಚ್ಚುಕಡಿಮೆ ಸಿಗುತ್ತದೆ. ಒತ್ತಡ ಎಂದಿಗಿಂತ ಹೆಚ್ಚು, ನೀರು ಕಡಿಮೆ: ತೂತುಗಳು ಕೆಸರಿನಿಂದಲೋ ತುಕ್ಕಿನಿಂದಲೋ ಕಟ್ಟಿವೆ. ಹತ್ತು ನಿಮಿಷ ಬಂದು ನಿಂತು ಮತ್ತೆ ಬರುವುದು ಬೋರಿನ ಒರತೆಗಿಂತ ಎತ್ತುವುದು ಹೆಚ್ಚಾದ ಗುರುತು. ಗಾಳಿಯ ವಾಲ್ವ್ ತುಸು ಮುಚ್ಚಿ ಕಡಿಮೆ ಗಾಳಿ ಕೊಟ್ಟರೆ ಕಡಿಮೆಯಾದರೂ ಸತತ ನೀರು ಸಿಗುತ್ತದೆ.

ಟ್ಯಾಂಕಿನ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಕಂಪ್ರೆಸರಿನ ಆಯಿಲ್ ಗಾಳಿಯ ಜೊತೆ ಇಳಿಯುತ್ತಿದೆ. ತೋಟಕ್ಕೆ ನಡೆದೀತು, ಕುಡಿಯುವ ನೀರಿಗೆ ಸಲ್ಲದು. ಪಿಸ್ಟನ್ ರಿಂಗು ನೋಡಿಸಬೇಕು, ಗಾಳಿ ಲೈನಿಗೆ ಆಯಿಲ್ ತಡೆಯುವ ಫಿಲ್ಟರ್ ಹಾಕಬೇಕು, ಗಾಳಿ ಟ್ಯಾಂಕಿನ ಅಡಿಯ ನಲ್ಲಿ ತೆರೆದು ಶೇಖರವಾದ ನೀರು-ಆಯಿಲನ್ನು ದಿನವೂ ಬಿಡಬೇಕು.

ಬೋರಿನಿಂದ ತಿಳಿಯಾಗಿ ಬಂದ ನೀರು ಅರ್ಧ ಗಂಟೆಯಲ್ಲಿ ಕೆಂಪಾಗುವುದು ನಮ್ಮ ಚೀರೆಕಲ್ಲಿನ ಸೀಮೆಯಲ್ಲಿ ಸಾಮಾನ್ಯ. ಕರಗಿದ ಕಬ್ಬಿಣ ಗಾಳಿ ತಾಗಿ ತುಕ್ಕಾಗುತ್ತದೆ. ಕಂಪ್ರೆಸರ್ ನೀರಿಗೆ ಗಾಳಿ ಬೆರೆಸಿಯೇ ತರುವುದರಿಂದ ಇದು ಬೇಗ ಆಗುತ್ತದೆ, ಒಂದು ರೀತಿಯಲ್ಲಿ ಅನುಕೂಲವೇ: ಮೊದಲ ತೊಟ್ಟಿಯಲ್ಲಿ ರಾತ್ರಿಯಿಡೀ ನಿಲ್ಲಿಸಿದರೆ ಕೆಂಪು ತಳಕ್ಕೆ ಕೂರುತ್ತದೆ, ಮೇಲಿನದನ್ನು ಮರಳಿನ ಮೂಲಕ ಸೋಸಿ ಬಳಸಬಹುದು. ನೇರ ಹನಿ ನೀರಾವರಿಗೆ ಬಿಟ್ಟರೆ ಮಾತ್ರ ವಾರದಲ್ಲಿ ತೂತೆಲ್ಲ ಕಟ್ಟಿಕೊಳ್ಳುತ್ತದೆ.

ಸಬ್‌ಮರ್ಸಿಬಲ್ ಇರುವಾಗ ಇದು ಯಾಕೆ

ಕರೆಂಟಿನ ಲೆಕ್ಕದಲ್ಲಿ ಕಂಪ್ರೆಸರ್ ದುಬಾರಿ. ಮೇಲಿನ ಬೋರಿನಲ್ಲಿ ಫೆಬ್ರವರಿಯ ನೀರಿಗೆ ಸಾವಿರ ಲೀಟರಿಗೆ ಸುಮಾರು 0.9 ಯೂನಿಟ್ ಬೇಕು. ಒಳ್ಳೆಯ ಸಬ್‌ಮರ್ಸಿಬಲ್ 0.3 ಯೂನಿಟ್ಟಿನಲ್ಲಿ ಎತ್ತುತ್ತದೆ. ಗಾಳಿ ಅದುಮುವಾಗ ಬಿಸಿಯಾಗಿ ಹೋದ ಶಕ್ತಿ, ನೀರಿನಿಂದ ಜಾರಿಹೋದ ಗುಳ್ಳೆ, ಎರಡೂ ನಷ್ಟವೇ. ಬೋರು ನೆಟ್ಟಗಿದ್ದು, ನೀರು ತಿಳಿಯಾಗಿದ್ದು, ಒರತೆ ಸಾಕಷ್ಟಿದ್ದರೆ ಸಬ್‌ಮರ್ಸಿಬಲ್ ಹಾಕುವುದೇ ಸರಿ.

ಕಂಪ್ರೆಸರ್ ಗೆಲ್ಲುವುದು ಆ ಮೂರೂ ಇಲ್ಲದ ಕಡೆ. ಶೇಡಿ ಮಣ್ಣಿನ ನೀರು ಸಬ್‌ಮರ್ಸಿಬಲ್ಲಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ತಿಂದುಹಾಕುತ್ತದೆ. ಕಂಪ್ರೆಸರಿಗೆ ಬೋರಿನೊಳಗೆ ತಿರುಗುವ ಭಾಗವೇ ಇಲ್ಲ. ನೀರು ಮುಗಿದರೆ ಸಬ್‌ಮರ್ಸಿಬಲ್ ಒಣ ಓಡಿ ಸುಟ್ಟೀತು. ಇದು ಬರೀ ಗಾಳಿ ಬಿಡುತ್ತ ಕೂರುತ್ತದೆ, ನೀರು ಕೂಡಿದಾಗ ಮತ್ತೆ ಎತ್ತುತ್ತದೆ. ಬೋರು ಕುಸಿದರೆ ಹೋಗುವುದು ಪೈಪು, ಮೋಟಾರಲ್ಲ.

'ಎರಡಿಂಚು ನೀರು' ಅಂದರೆ ಎಷ್ಟು

ಬೋರು ಕೊರೆಯುವ ಲಾರಿಯೂ ಇದೇ ತತ್ವದ ಮೇಲೆ ನಡೆಯುವುದು. ಸುತ್ತಿಗೆಯ ಹಾಗೆ ಕುಟ್ಟಿ ಕೊರೆಯುವ ಡ್ರಿಲ್ ಬಿಟ್ ಮೂಲಕ ಹಾಯಿಸಿದ ಗಾಳಿ ಕಲ್ಲಿನ ಪುಡಿಯನ್ನೂ ನೀರನ್ನೂ ಮೇಲಕ್ಕೆ ಉಗುಳುತ್ತದೆ. ಆಗ ಕಾಲುವೆ ತೋಡಿ, ಇಂಗ್ಲಿಷ್ ವಿ ಅಕ್ಷರದ ಹಾಗೆ 90 ಡಿಗ್ರಿ ಕೊರೆದ ತಗಡು ನಿಲ್ಲಿಸಿ, ಅದರಲ್ಲಿ ಹರಿಯುವ ನೀರಿನ ಎತ್ತರ ಅಳೆದು ಇಂಚು ಹೇಳುತ್ತಾರೆ. ಒಂದಿಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚು ಅದರ ಎರಡು ಪಟ್ಟಲ್ಲ, ಸುಮಾರು 2,900 ಲೀಟರ್. ಮೂರಿಂಚು ಎಂದರೆ 8,000ದ ಹತ್ತಿರ. ಎರಡು ಮೂರು ಇಂಚಿನಲ್ಲಿ ಕಾಲಿಂಚಿನ ತಪ್ಪು ಓದಿನಿಂದ ಸಾವಿರ ಲೀಟರಿನಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಆಗುವುದರಿಂದ ಸ್ಕೇಲನ್ನು ನೀವೇ ಹಿಡಿದು, ತಗಡಿನಿಂದ ಒಂದೆರಡು ಅಡಿ ಹಿಂದೆ ನೀರು ಶಾಂತವಾಗಿರುವಲ್ಲಿ ನೋಡುವುದು ಒಳ್ಳೆಯದು. ಮೊದಲ ಹತ್ತಿಪ್ಪತ್ತು ನಿಮಿಷ ಬರುವುದರಲ್ಲಿ ಬೋರಿನೊಳಗೆ ನಿಂತಿದ್ದ ನೀರೂ ಸೇರಿರುತ್ತದೆ. ಒಂದು ಗಂಟೆ ಬಿಟ್ಟ ಮೇಲಿನ ಅಳತೆಯೇ ಬೋರಿನ ನಿಜವಾದ ಒರತೆಗೆ ಹತ್ತಿರ.

ಕರಾವಳಿಯಲ್ಲಿ ಇನ್ನೊಂದು ತೂಕ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಹೊಯ್ಗೆ ನೆಲದಲ್ಲಿ ನೀರು ಹತ್ತಿಪ್ಪತ್ತು ಅಡಿಯಲ್ಲೇ ಸಿಗುತ್ತದೆ. ನಲವತ್ತು ಅಡಿಯ ಬೋರಿನಲ್ಲಿ ಹದಿನೈದು ಅಡಿಗೆ ನೀರಿದ್ದರೆ ಮುಳುಗು ಆಳಕ್ಕೆ ಕೊರತೆಯಿಲ್ಲ, ಒಂದು ಕೆ.ಜಿ.ಗಿಂತ ಕಡಿಮೆ ಒತ್ತಡದಲ್ಲಿ ಕೆಲಸ ಆಗುತ್ತದೆ, ಹೊಯ್ಗೆ ಬಂದರೂ ಸವೆಯುವ ಭಾಗವಿಲ್ಲ. ಅಲ್ಲಿನ ತೊಂದರೆ ಬೇರೆ. ನೆಲದಡಿಯ ಸಿಹಿನೀರು, ಸಮುದ್ರದ ಕಡೆಯಿಂದ ಒಳನುಗ್ಗಿದ ಭಾರದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಇಲ್ಲೂ ಅದೇ ತಕ್ಕಡಿ: ಸಮುದ್ರ ಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿ. ಎತ್ತಿ ಎತ್ತಿ ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಉಪ್ಪುನೀರು ಕಾಲಕ್ರಮದಲ್ಲಿ 40 ಅಡಿ ಮೇಲೇರಲು ಹೊರಡುತ್ತದೆ.

ಹಾಗಾಗಿ ಕರಾವಳಿಯಲ್ಲಿ ಗಾಳಿಬಾಯಿಯನ್ನು ಬೇಕಾದಷ್ಟೇ ಆಳಕ್ಕೆ ಇಟ್ಟು, ಕಡಿಮೆ ಗಾಳಿಯಲ್ಲಿ ಹೆಚ್ಚು ಹೊತ್ತು ಎತ್ತುವುದು ಕ್ಷೇಮ. ನೀರಿನಲ್ಲಿ ಕರಗಿದ ಲವಣ ಅಳೆಯುವ, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಇಟ್ಟುಕೊಂಡು ಮಾರ್ಚಿನಿಂದ ವಾರಕ್ಕೊಮ್ಮೆ, ಎತ್ತಲು ಶುರುಮಾಡಿದ ಒಂದು ಗಂಟೆಯ ಮೇಲೆ ಅಳೆದು ಬರೆದಿಡಿ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ಮೂಲವೇ ಇಲ್ಲದಿದ್ದಾಗ 2,000ದವರೆಗೆ. ಅಂಕಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಗಾಳಿಯ ವಾಲ್ವನ್ನು ಅರ್ಧ ಮುಚ್ಚಿ ನೋಡಿ. ಆಗಲೂ ಏರುವುದು ನಿಲ್ಲದಿದ್ದರೆ ಪೈಪನ್ನು ಐದು ಅಡಿ ಮೇಲಕ್ಕೆ ಎತ್ತಿ ಕಟ್ಟಿ, ಮಳೆ ಹಿಡಿಯುವವರೆಗೆ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಓಡಿಸಬೇಡಿ.